ಗುಂಡು ಹೊಡೆಯುವುದು ಯಾವಾಗ?

ಹೋದ ವರ್ಷ ಆಗಸ್ಟ್ ಮೊದಲ ವಾರ. ಹೊರಗೆ ಜಡಿಮಳೆ, ಒಳಗೆ ಒದ್ದೆ ಕೊಡೆಗಳ ವಾಸನೆ. ಕುಶಾಲನಗರದ ಒಂದು ಸಭಾಂಗಣದಲ್ಲಿ ಅಂಗಾಂಗ ದಾನದ ಜಾಗೃತಿ ಕಾರ್ಯಕ್ರಮ. 1994ರ ಆಗಸ್ಟ್ 3ರಂದು ದೆಹಲಿಯ ಏಮ್ಸ್‌ನಲ್ಲಿ ಡಾ. ವೇಣುಗೋಪಾಲ್ ಅವರ ತಂಡ ದೇಶದ ಮೊದಲ ಯಶಸ್ವಿ ಹೃದಯ ಕಸಿ ಮಾಡಿತಲ್ಲ, ಅದರ ನೆನಪಿಗೆ 2023ರಿಂದ ಆ ದಿನವೇ ಅಂಗಾಂಗ ದಾನ ದಿನ. ಹಾಗಾಗಿ ಸಭೆಗಳೆಲ್ಲ ಅದೇ ವಾರ. ದೀಪ ಹಚ್ಚಿದ್ದಾಯಿತು, ಗಿಡಕ್ಕೆ ನೀರೆರೆದದ್ದಾಯಿತು. ದಧೀಚಿ ಬೆನ್ನುಮೂಳೆ ಕೊಟ್ಟ, ಶಿಬಿ ತೊಡೆಯ ಮಾಂಸ ಕೊಟ್ಟ, ಕಣ್ಣಪ್ಪ ಕಣ್ಣು ಕೊಟ್ಟ, ಎಲ್ಲವೂ ಬಂದು ಹೋಯಿತು. ಒಬ್ಬ ದಾನಿಯಿಂದ ಎಂಟು ಜೀವ ಉಳಿಯುತ್ತದೆ ಎಂಬ ಲೆಕ್ಕ ಎರಡು ಸಲ ಬಂತು. ಕೊನೆಗೆ, ಊಟಕ್ಕೆ ಹೊತ್ತಾಗುತ್ತಿದೆ, ಪ್ರಶ್ನೆಗಳಿದ್ದರೆ ಕೇಳಿ ಅಂದರು.

ಹಿಂದಿನ ಸಾಲಿನಿಂದ ಎಂಬತ್ತರ ಆಸುಪಾಸಿನ ಒಬ್ಬ ಕೊಡವ ಹಿರಿಯರು ಎದ್ದರು. "ಡಾಕ್ಟ್ರೇ, ನಮ್ಮಲ್ಲಿ ಮನೇಲಿ ಸಾವಾದರೆ ಜೋಡಿ ಗುಂಡು ಹೊಡೀತೇವೆ. ಊರಿಗೆ ಗೊತ್ತಾಗಲಿ ಅಂತ. ನೀವು ಹೇಳುವ ಈ ಬ್ರೇನ್ ಡೆತ್ ಆದವನಿಗೆ ಗುಂಡು ಹೊಡೆಯುವುದು ಯಾವಾಗ? ನೀವು ಬ್ರೇನ್ ಡೆತ್ ಅಂದಾಗಲಾ, ಹಾರ್ಟ್ ತೆಗೆದಾಗಲಾ, ಬಾಡಿ ಮನೆಗೆ ಬಂದಾಗಲಾ?"

ಸಭೆ ನಕ್ಕಿತು. ಡಾಕ್ಟರೂ ನಕ್ಕರು. "ಅದು ನಿಮ್ಮ ಪದ್ಧತಿಗೆ ಬಿಟ್ಟದ್ದು ಅಜ್ಜ" ಅಂದು ಮುಂದಿನ ಚೀಟಿ ಬಿಡಿಸಿದರು. ಅಜ್ಜ ಸ್ವಲ್ಪ ಹೊತ್ತು ನಿಂತೇ ಇದ್ದು ಆಮೇಲೆ ಕೂತರು.

ನನಗೆ ನಗು ಬರಲಿಲ್ಲ. ಸೋಮವಾರಪೇಟೆ ಬಸ್ಸಿನಲ್ಲಿ ಕೂತಾಗಲೂ ಅದೇ ತಲೆಯಲ್ಲಿ ಕೊರೆಯುತ್ತಿತ್ತು. ಇಡೀ ಮಧ್ಯಾಹ್ನ ನಡೆದ ಮಾತಿನಲ್ಲಿ ಕೇಳಬೇಕಾದ ಪ್ರಶ್ನೆಯೊಂದನ್ನು ಆ ಅಜ್ಜ ಒಬ್ಬರೇ ಕೇಳಿದ್ದರು. ಕೊಡುವುದು ಒಳ್ಳೆಯದೋ ಕೆಟ್ಟದೋ ಎಂಬುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ. ಆ ಮನುಷ್ಯ ಸತ್ತದ್ದು ಯಾವ ಗಳಿಗೆಯಲ್ಲಿ, ಅಷ್ಟು ಹೇಳಿ ಅಂದರು.

ಇದೇ ಪ್ರಶ್ನೆಗೆ ನಾನೂ ಒಂದು ಸಲ ಉತ್ತರ ಕೊಡಬೇಕಾಗಿ ಬಂದಿತ್ತು. ಕೊಟ್ಟ ಉತ್ತರ ತಪ್ಪಾಗಿತ್ತು.

ಮೈಸೂರು, 2017

ಫೆಬ್ರುವರಿ ಅಂದರೆ ನಮ್ಮ ಕಡೆ ಮೆಣಸು ಕೊಯ್ಲು. ದೊಡ್ಡಪ್ಪನ ಮಗ, ನನಗಿಂತ ಮೂರು ವರ್ಷಕ್ಕೆ ದೊಡ್ಡವನು, ಸಿಲ್ವರ್ ಓಕ್ ಮರಕ್ಕೆ ಹಬ್ಬಿದ್ದ ಬಳ್ಳಿಯಿಂದ ಗೊನೆ ಬಿಡಿಸುತ್ತಿದ್ದಾಗ ಏಣಿ ಜಾರಿತು. ಕೆಳಗೆ ಕಾಫಿ ಗಿಡ ಇದ್ದಲ್ಲಿ ಬಿದ್ದಿದ್ದರೆ ಕೈಯೋ ಕಾಲೋ ಮುರಿಯುತ್ತಿತ್ತು. ಅವನು ಬಿದ್ದದ್ದು ಕಲ್ಲಿನ ಕಟ್ಟೆಯ ಮೇಲೆ. ಶನಿವಾರಸಂತೆಯಿಂದ ಸೋಮವಾರಪೇಟೆ, ಅಲ್ಲಿ ನೋಡಿದವರು 'ತಲೆ ಪೆಟ್ಟು, ಮೈಸೂರಿಗೆ ಹೋಗಿ' ಅಂದರು. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಲೆ ಒಡೆದರೆ ಮೈಸೂರು, ಇಲ್ಲದಿದ್ದರೆ ಸಂಪಾಜೆ ಘಾಟಿ ಇಳಿದು ಮಂಗಳೂರು. 2019ರ ಜೂನ್‌ನಲ್ಲಿ ಜಿಲ್ಲೆಗೊಂದು ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕು ಎಂದು ನಮ್ಮ ಹುಡುಗರು ಜಾಲತಾಣದಲ್ಲಿ ಅಷ್ಟು ದೊಡ್ಡ ಕೂಗು ಎಬ್ಬಿಸಿದ್ದು ಸುಮ್ಮನೆ ಅಲ್ಲ.

ಆಸ್ಪತ್ರೆಯ ಹೆಸರು ಬೇಡ. ಮೂರು ದಿನ ಐಸಿಯು ಹೊರಗಿನ ಕಬ್ಬಿಣದ ಕುರ್ಚಿಗಳಲ್ಲಿ ಕಳೆದೆವು. ಶುಕ್ರವಾರ ಬೆಳಗ್ಗೆ ಒಬ್ಬ ಯುವ ಡಾಕ್ಟರು ಹೊರಗೆ ಬಂದರು. ರಾತ್ರಿಯೆಲ್ಲ ನಿದ್ದೆ ಇಲ್ಲದ ಮುಖ. ನಿಂತಲ್ಲೇ ಹೇಳಿದರು: "ಎರಡು ಸಲ ಟೆಸ್ಟ್ ಆಗಿದೆ, ಬ್ರೇನ್ ಡೆಡ್ ಅಂತ ಕನ್ಫರ್ಮ್ ಆಗಿದೆ. ನೀವು ಒಪ್ಪಿದರೆ ಆರ್ಗನ್ ಡೊನೇಷನ್ ಬಗ್ಗೆ ಯೋಚನೆ ಮಾಡಬಹುದು." ಸಾವಿನ ಸುದ್ದಿಗೂ ಬೇಡಿಕೆಗೂ ನಡುವೆ ಒಂದು ಉಸಿರಿನಷ್ಟೂ ಬಿಡುವಿರಲಿಲ್ಲ. ಅವರು ಕೆಟ್ಟವರಲ್ಲ. ಇನ್ನೂ ಹತ್ತು ಹಾಸಿಗೆ ನೋಡಬೇಕಿತ್ತು ಅವರಿಗೆ.

ದೊಡ್ಡಪ್ಪ ನನ್ನ ಕಡೆ ತಿರುಗಿದರು. ಮನೆಯಲ್ಲಿ ಪೇಪರಿಗೆ ಬರೆಯುವವನು, ನಾಲ್ಕು ಅಕ್ಷರ ಬಲ್ಲವನು ನಾನೇ ತಾನೆ.

"ಏನಂತಪ್ಪ?"

"ಮೆದುಳು ನಿಷ್ಕ್ರಿಯ ಆಗಿದೆಯಂತೆ ದೊಡ್ಡಪ್ಪ."

"ನಿಷ್ಕ್ರಿಯ ಅಂದ್ರೆ?"

"ಕೆಲಸ ಮಾಡ್ತಿಲ್ಲ ಅಂತ."

ಅವರು ಒಂದು ಕ್ಷಣ ಯೋಚಿಸಿ, ಅಂಗಿಯ ಒಳಜೇಬು ಮುಟ್ಟಿ ನೋಡಿಕೊಂಡು ಕೇಳಿದರು: "ಮತ್ತೆ ಕೆಲಸ ಮಾಡೋ ಹಂಗೆ ಮಾಡೋಕೆ ಎಷ್ಟಾಗುತ್ತಂತೆ?"

ಆ ಪ್ರಶ್ನೆಗೆ ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ. ಆಮೇಲೆ ಅವರನ್ನು ಒಳಗೆ ಬಿಟ್ಟರು. ನಾನೂ ಹಿಂದೆ ಹೋದೆ. ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಪರದೆಯ ಮೇಲೆ ಹಸಿರು ಗೆರೆ ಓಡುತ್ತಿತ್ತು. ದೊಡ್ಡಪ್ಪ ಕಾಲಿನ ಹತ್ತಿರ ನಿಂತು ಎರಡೂ ಪಾದ ಹಿಡಿದುಕೊಂಡರು, ಜ್ವರ ಬಂದ ಮಕ್ಕಳ ಪಾದ ಮುಟ್ಟಿ ನೋಡುವ ಹಾಗೆ. ಬೆಚ್ಚಗಿತ್ತು. ಉಗುರಿನ ಸಂದಿಯಲ್ಲಿ ನಮ್ಮ ತೋಟದ ಕೆಂಪು ಮಣ್ಣು ಇನ್ನೂ ಇತ್ತು. ಆಗ ಬಲಗಾಲಿನ ಹೆಬ್ಬೆರಳು ಒಂದು ಸಲ ಸಣ್ಣಗೆ ಮಿಡುಕಿತು. ನಾನೂ ನೋಡಿದೆ. ದೊಡ್ಡಪ್ಪ ಹೊರಗೆ ಬಂದವರೇ ಯಾರನ್ನೂ ನೋಡದೆ ಹೇಳಿದರು: "ಉಸಿರಾಡ್ತಿರೋ ಮಗನ್ನ ಕೊಯ್ಯೋಕೆ ಕೊಡಲ್ಲ."

ಯಾರೂ ಮತ್ತೆ ಕೇಳಲಿಲ್ಲ. ಯಂತ್ರ ನಡೆಯುತ್ತಲೇ ಇತ್ತು. ಭಾನುವಾರ ನಸುಕಿನಲ್ಲಿ ಹೃದಯ ನಿಂತಿತು. ಬಿದ್ದ ಕೇಸಾದ್ದರಿಂದ ಪೊಲೀಸು, ಪಂಚನಾಮೆ, ಪೋಸ್ಟ್‌ಮಾರ್ಟಂ ಇದ್ದೇ ಇತ್ತು. ಕೊಯ್ಯಬಾರದು ಅಂದ ಮೈಯನ್ನು ಕೊಯ್ದು ಹೊಲಿದೇ ಮನೆಗೆ ಕೊಟ್ಟರು.

ದೊಡ್ಡಪ್ಪ ಅದಾಗಿ ಮೂರು ವರ್ಷ ಬದುಕಿದ್ದರು. ಆ ಮೂರು ವರ್ಷವೂ ಒಂದೇ ಮಾತು: "ಎರಡು ದಿನ ಟೈಮ್ ಇತ್ತಲ್ಲ. ಬೆಂಗಳೂರಿಗೆ ಎತ್ತಿಕೊಂಡು ಹೋಗಿದ್ರೆ ಉಳೀತಿದ್ದ. ದುಡ್ಡಿನ ಮುಖ ನೋಡಿದೆ ನಾನು." ಅಂಗಾಂಗ ದಾನದ ಭಾಷಣ ಕೇಳಿದಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ಒಪ್ಪಿಗೆ ಸಿಗದಿದ್ದರೆ ಸಿಗಬೇಕಾದವರಿಗೆ ಎರಡು ಮೂತ್ರಪಿಂಡ, ಒಂದು ಲಿವರ್ ಸಿಗಲಿಲ್ಲ ಎಂಬ ಲೆಕ್ಕ ಹೇಳುತ್ತಾರೆ. ಅದು ನಿಜವೂ ಹೌದು. ಆದರೆ ಸತ್ತವನು ಸತ್ತಿದ್ದಾನೆಂದು ತಿಳಿಯದೆ, ಮಗನ ಸಾವನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡು ಸವೆದುಹೋದ ಅಪ್ಪ ಯಾವ ಲೆಕ್ಕದಲ್ಲೂ ಬರುವುದಿಲ್ಲ.

ನಾನೇ ಬರೆದ ಸುದ್ದಿ

ಹನ್ನೆರಡು ವರ್ಷ ಅರೆಕಾಲಿಕ ವರದಿಗಾರನಾಗಿದ್ದೆ. ಸಂತೆ, ಆನೆ ಹಾವಳಿ, ಗ್ರಾಮಸಭೆ, ಆಗೊಮ್ಮೆ ಈಗೊಮ್ಮೆ ಇಂಥ ಸುದ್ದಿ. ಹಳೆಯ ಕಟಿಂಗ್ ಫೈಲ್ ತೆಗೆದು ನೋಡಿದೆ. 'ಸಾವಿನಲ್ಲೂ ಸಾರ್ಥಕತೆ ಮೆರೆದ ಯುವಕ' ಎಂಬ ತಲೆಬರಹ ನಾಲ್ಕು ಸಲ. ಒಳಗೆ ನನ್ನದೇ ವಾಕ್ಯ: 'ಮೆದುಳು ನಿಷ್ಕ್ರಿಯಗೊಂಡಿದ್ದ ಹಿನ್ನೆಲೆಯಲ್ಲಿ ಕುಟುಂಬದವರು ಅಂಗಾಂಗ ದಾನಕ್ಕೆ ಒಪ್ಪಿದರು. ಬಳಿಕ ಅವರು ಮೃತಪಟ್ಟರು.' ಓದಿದವನಿಗೆ ಏನು ಅರ್ಥವಾಗಬೇಕು? ಮನೆಯವರು ಒಪ್ಪಿದ್ದಕ್ಕೆ ಸತ್ತ ಅಂತಲೇ ಅಲ್ಲವೇ? ಝೀರೋ ಟ್ರಾಫಿಕ್‌ನಲ್ಲಿ ಆಂಬುಲೆನ್ಸ್ ಎಷ್ಟು ನಿಮಿಷದಲ್ಲಿ ಬೆಂಗಳೂರು ಸೇರಿತು ಎಂಬುದನ್ನು ಮಾತ್ರ ತಪ್ಪಿಲ್ಲದೆ ಬರೆದಿದ್ದೆ.

'ನಿಷ್ಕ್ರಿಯ' ಎಂಬ ಪದವನ್ನೇ ನೋಡಿ. ನಾವು ಅದನ್ನು ಬೇರೆಲ್ಲಿ ಬಳಸುತ್ತೇವೆ? ಬ್ಯಾಂಕಿನಲ್ಲಿ. ಎರಡು ವರ್ಷ ವಹಿವಾಟು ಮಾಡದಿದ್ದರೆ ಖಾತೆ ನಿಷ್ಕ್ರಿಯ. ಆಧಾರ್ ಹಿಡಿದುಕೊಂಡು ಹೋಗಿ ಕೆವೈಸಿ ಕೊಟ್ಟರೆ ಮತ್ತೆ ಸಕ್ರಿಯ. ಪಕ್ಷದ ಕಾರ್ಯಕರ್ತರು ನಿಷ್ಕ್ರಿಯರಾಗುತ್ತಾರೆ, ಚುನಾವಣೆ ಬಂದರೆ ಏಳುತ್ತಾರೆ. ಕನ್ನಡದಲ್ಲಿ ನಿಷ್ಕ್ರಿಯವಾದದ್ದು ಯಾವುದೂ ಸತ್ತಿರುವುದಿಲ್ಲ, ಮಲಗಿರುತ್ತದೆ. ಹಾಗಿರುವಾಗ ದೊಡ್ಡಪ್ಪ ಖರ್ಚೆಷ್ಟು ಅಂತ ಕೇಳಿದ್ದರಲ್ಲಿ ತಪ್ಪೇನಿದೆ? ಪದವನ್ನು ಅವರು ಸರಿಯಾಗಿಯೇ ಅರ್ಥ ಮಾಡಿಕೊಂಡಿದ್ದರು.

ಪತ್ರಿಕೆಯವರದ್ದಷ್ಟೇ ಗೊಂದಲ ಅಲ್ಲ. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಬೈಕ್ ಅಪಘಾತದಲ್ಲಿ ಪೆಟ್ಟಾಗಿ ಆಸ್ಪತ್ರೆಯಲ್ಲಿದ್ದಾಗ ನಡೆದದ್ದು ನೆನಪಿದೆಯೇ? ಒಂದು ದಿನ ಪೂರ್ತಿ ಶ್ರದ್ಧಾಂಜಲಿಯೂ 'ಇನ್ನೂ ಉಸಿರಾಟ ಇದೆ' ಎಂಬ ಸುದ್ದಿಯೂ ಒಟ್ಟೊಟ್ಟಿಗೇ ಹರಿದಾಡಿದವು. ಆ ಮನೆಯವರು ಅಂಥ ಹೊತ್ತಿನಲ್ಲಿ ಅಂಗಾಂಗ ಕೊಟ್ಟರು. ಟಿವಿ ಮುಂದೆ ಕೂತ ನಮಗೆ ಮಾತ್ರ ಅವರು ಯಾವಾಗ ಹೋದರು ಎಂಬುದೇ ತಿಳಿಯಲಿಲ್ಲ.

ಇದರ ಜೊತೆಗೆ ಕೋಮಾದ ಗೊಂದಲ. ನಮ್ಮ ಹಳದೀಪುರದ ಹೆಣ್ಣುಮಗಳು ಅರುಣಾ ಶಾನಭಾಗ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ 1973ರಿಂದ 2015ರವರೆಗೆ ಮಲಗಿದಲ್ಲೇ ಇದ್ದರಲ್ಲ, 'ಅವರು ಬದುಕಿದ್ದರು ತಾನೇ, ಇವನನ್ನೂ ಇಡಬಹುದಿತ್ತು' ಎಂದು ನಮ್ಮ ಮನೆಯಲ್ಲೇ ವಾದ ಆಗಿದೆ. ವ್ಯತ್ಯಾಸ ಒಂದೇ, ಆದರೆ ಭೂಮಿ ಆಕಾಶದಷ್ಟು. ಅರುಣಾ ತಾವಾಗಿ ಉಸಿರಾಡುತ್ತಿದ್ದರು. ಅವರ ಮಿದುಳಿನ ಮೇಲುಭಾಗ ಹಾಳಾಗಿತ್ತು, ಬುಡದಲ್ಲಿರುವ ಕಾಂಡ ಬದುಕಿತ್ತು. ಉಸಿರು, ಎಚ್ಚರ, ನುಂಗುವುದು, ಕೆಮ್ಮುವುದು, ಬೆಳಕಿಗೆ ಪಾಪೆ ಕಿರಿದಾಗುವುದು ಎಲ್ಲಕ್ಕೂ ಆ ಹೆಬ್ಬೆರಳು ಗಾತ್ರದ ಕಾಂಡವೇ ಆಧಾರ. ಅದು ಸತ್ತರೆ ಮಿಕ್ಕದ್ದು ಉಳಿಯುವುದಿಲ್ಲ. ನಮ್ಮ ಕಾನೂನು, 1994ರದ್ದು, ಮಿದುಳು ಕಾಂಡದ ಸಾವನ್ನು ಸಾವು ಎಂದೇ ಹೇಳುತ್ತದೆ. ಸಾವಿನ ಹತ್ತಿರ, ಸಾವಿನಂಥದ್ದು ಎಂದಲ್ಲ.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಈ ಬಗೆಯ ಸಾವು ನಮ್ಮ ಅಜ್ಜಂದಿರ ಕಾಲದಲ್ಲಿ ಇರಲೇ ಇಲ್ಲ. 1952ರಲ್ಲಿ ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಹಬ್ಬಿದಾಗ ವೈದ್ಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಕೂತು ಕೈಯಲ್ಲಿ ಚೀಲ ಒತ್ತಿ ರೋಗಿಗಳ ಗಂಟಲಿಗೆ ಗಾಳಿ ತಳ್ಳಿದರು. ಐಸಿಯು ಹುಟ್ಟಿದ್ದು ಹಾಗೆ. ಕೈ ಮಾಡುತ್ತಿದ್ದ ಕೆಲಸವನ್ನು ಯಂತ್ರ ಮಾಡತೊಡಗಿದ ಮೇಲೆ, ಯಂತ್ರ ಗಾಳಿ ತಳ್ಳುತ್ತದೆ, ಹೃದಯ ಬಡಿಯುತ್ತದೆ, ಆದರೆ ಒಳಗೆ ಯಾರೂ ಇಲ್ಲ ಎಂಬ ಸ್ಥಿತಿಯನ್ನು ವೈದ್ಯರು ಕಂಡರು. 1959ರಲ್ಲಿ ಫ್ರಾನ್ಸಿನ ಇಬ್ಬರು ವೈದ್ಯರು ಅದಕ್ಕೆ 'ಕೋಮಾವನ್ನು ದಾಟಿದ್ದು' ಎಂಬ ಅರ್ಥದ ಹೆಸರಿಟ್ಟರು. ಹೆಸರಿಡುವವರೇ ತಡವರಿಸಿದ ಸಾವು ಇದು. ನಮ್ಮ ಭಾಷೆಗೆ ಇದು ಬಂದಾಗ 'ನಿಷ್ಕ್ರಿಯ' ಎಂದು ಬರೆದು ಕೈತೊಳೆದುಕೊಂಡೆವು.

ಹತ್ತಿ

ಕುಶಾಲನಗರದ ಸಭೆಯಾದ ಮೇಲೆ, ದೀಪಾವಳಿಗೆ ತಂಗಿಯ ಮಗಳು ಬಂದಿದ್ದಳು. ಮಂಗಳೂರಿನಲ್ಲಿ ಐಸಿಯು ನರ್ಸ್. ಹಿತ್ತಲ ಜಗಲಿಯಲ್ಲಿ ಕೂತು ಕೇಳಿದೆ, ಆ ಟೆಸ್ಟ್ ಅಂದರೆ ಏನು ಮಾಡುತ್ತೀರಿ, ಒಂದೊಂದೇ ಹೇಳು ಅಂತ. ಅವಳು ಅಕ್ಕಿರೊಟ್ಟಿ ಮುರಿಯುತ್ತ ಹೇಳಿದಳು. ಮೊದಲು ಮತ್ತಿನ ಔಷಧಿ ಮೈಯಲ್ಲಿ ಉಳಿದಿಲ್ಲ, ಮೈ ತಣ್ಣಗಾಗಿಲ್ಲ ಎಂದು ಖಚಿತ ಮಾಡಿಕೊಳ್ಳುತ್ತಾರೆ. ಕಣ್ಣಿಗೆ ಟಾರ್ಚ್ ಬಿಡುತ್ತಾರೆ. ಕಣ್ಣುಗುಡ್ಡೆಗೆ ಹತ್ತಿಯ ಎಳೆ ಮುಟ್ಟಿಸುತ್ತಾರೆ. ಬದುಕಿರುವ ಯಾರಿಗಾದರೂ ರೆಪ್ಪೆ ಮುಚ್ಚದೆ ಇರಲಾಗದು. ಕಿವಿಗೆ ಐಸಿನಂಥ ನೀರು ಬಿಡುತ್ತಾರೆ. ಹುಬ್ಬಿನ ಮೂಳೆ ಒತ್ತುತ್ತಾರೆ. ಗಂಟಲಿಗೆ ನಳಿಕೆ ಇಳಿಸಿ ಕೆಮ್ಮು ಬರುತ್ತದಾ ನೋಡುತ್ತಾರೆ. ನಾಲ್ಕು ಜನ ವೈದ್ಯರು ಸಹಿ ಹಾಕಬೇಕು, ಕಸಿ ಮಾಡುವ ತಂಡದವರು ಅದರಲ್ಲಿ ಇರುವಂತಿಲ್ಲ. ಕಡಿಮೆ ಅಂದರೆ ಆರು ಗಂಟೆ ಬಿಟ್ಟು ಎಲ್ಲವನ್ನೂ ಮೊದಲಿನಿಂದ ಇನ್ನೊಮ್ಮೆ.

"ಕೊನೇದು ಆಪ್ನಿಯಾ ಟೆಸ್ಟ್ ಮಾವ. ವೆಂಟಿಲೇಟರ್ ಬಿಡಿಸ್ತೀವಿ. ಆಕ್ಸಿಜನ್ ಮಾತ್ರ ಸಣ್ಣ ಪೈಪಲ್ಲಿ ಒಳಗೆ ಹೋಗ್ತಾ ಇರುತ್ತೆ. ಎದೆ ಮೇಲಿನ ಬಟ್ಟೆ ಸರಿಸಿ ಎಲ್ಲರೂ ಸುತ್ತ ನಿಂತು ನೋಡ್ತೀವಿ, ಎಂಟು ಹತ್ತು ನಿಮಿಷ."

"ಏನನ್ನ?"

"ಉಸಿರು ಬರುತ್ತಾ ಅಂತ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರ್ತಾ ಹೋಗುತ್ತೆ. ಅರವತ್ತು ದಾಟಿದ್ರೂ ಒಂದೇ ಒಂದು ಉಸಿರು ಎಳೀಲಿಲ್ಲ ಅಂದ್ರೆ ಮುಗೀತು. ಆ ಹತ್ತು ನಿಮಿಷ ಯಾರೂ ಮಾತಾಡಲ್ಲ ಮಾವ. ಎದೆ ಮೇಲೇ ಕಣ್ಣು."

ನನಗೆ ಥಟ್ಟನೆ ನೆನಪಾದದ್ದು ಅಜ್ಜ ಹೋದ ರಾತ್ರಿ. ನಾನಾಗ ಏಳೆಂಟು ವರ್ಷದವನು. ನಡುಮನೆಯಲ್ಲಿ ಲಾಂದ್ರದ ಬೆಳಕು. ಪಕ್ಕದ ಮನೆಯ ಅಜ್ಜಿ ಬಂದು ದೀಪದ ಬತ್ತಿಗೆ ಇಟ್ಟಿದ್ದ ಹತ್ತಿಯಿಂದ ಒಂದು ಎಳೆ ಕಿತ್ತು ಅಜ್ಜನ ಮೂಗಿನ ಹತ್ತಿರ ಹಿಡಿದರು. ಮನೆ ಮಂದಿಯೆಲ್ಲ ಸುತ್ತ ನಿಂತು ಆ ಎಳೆಯನ್ನೇ ನೋಡುತ್ತಿದ್ದರು. ಯಾರೂ ಮಾತಾಡಲಿಲ್ಲ. ಎಳೆ ಅಲ್ಲಾಡಲಿಲ್ಲ. ಅಜ್ಜಿ ಕೈ ತೆಗೆದು 'ಹ್ಞೂಂ' ಅಂದರು, ಆಮೇಲೆಯೇ ಅಳು ಶುರುವಾದದ್ದು.

ಎರಡೂ ಒಂದೇ ಪರೀಕ್ಷೆ! ಲಾಂದ್ರದ ಜಾಗದಲ್ಲಿ ಟ್ಯೂಬ್‌ಲೈಟು, ಹತ್ತಿಯ ಜಾಗದಲ್ಲಿ ರಕ್ತದ ರಿಪೋರ್ಟು. 'ಉಸಿರು ನಿಂತಿತು' ಅಂದರೆ ಸತ್ತರು ಅಂತ ಕನ್ನಡದಲ್ಲಿ ಯಾವ ಮಗುವಿಗೂ ಗೊತ್ತು. ಮಿದುಳು ಕಾಂಡ ಸತ್ತವನಿಗೆ ಉಸಿರೂ ಹೋಗಿರುತ್ತದೆ. ಹೋದದ್ದು ನಮಗೆ ಕಾಣದ ಹಾಗೆ ಯಂತ್ರ ಮುಚ್ಚಿಟ್ಟಿರುತ್ತದೆ. ಎದೆ ಏರಿ ಇಳಿಯುವುದು ಸೈಕಲ್ ಪಂಪಿನಿಂದ ಟ್ಯೂಬು ಉಬ್ಬಿದ ಹಾಗೆ. ಹೃದಯಕ್ಕೆ ಬಡಿಯಲು ಮಿದುಳಿನ ಅಪ್ಪಣೆ ಬೇಕಿಲ್ಲ, ಅದರ ಒಳಗೇ ಮಿಡಿತದ ಗಂಟು ಇದೆ. ಯಂತ್ರದ ಗಾಳಿ ಸಿಗುತ್ತಿದ್ದರೆ ಬಡಿಯುತ್ತದೆ, ಆದರೂ ಸಾಮಾನ್ಯವಾಗಿ ಗಂಟೆಗಳಲ್ಲೋ ದಿನಗಳಲ್ಲೋ ಸೋಲುತ್ತದೆ. ಹೆಬ್ಬೆರಳು ಮಿಡುಕಿದ್ದು? ಅದು ಬೆನ್ನುಹುರಿಯ ಕೆಲಸ, ತಲೆಯದ್ದಲ್ಲ ಅಂದಳು ಹುಡುಗಿ. (ಕತ್ತು ಕೊಯ್ದ ಕೋಳಿ ಒದ್ದಾಡುವುದನ್ನು ನೋಡದವರು ನಮ್ಮ ಕಡೆ ಯಾರೂ ಇಲ್ಲ. ಆದರೆ ಅಪ್ಪನೊಬ್ಬನ ಎದುರು ಆ ಹೋಲಿಕೆ ಬಾಯಿಗೆ ಬರುತ್ತದೆಯೇ?)

ಅಂದರೆ ಅವತ್ತು ನಾನು ಹೇಳಬೇಕಾಗಿದ್ದದ್ದು ಇಷ್ಟೇ: 'ದೊಡ್ಡಪ್ಪ, ಅಣ್ಣನ ಉಸಿರು ನಿಂತಿದೆ. ಮೆಷಿನ್ ತೆಗೆದು ನೋಡಿದರಂತೆ, ಬರಲಿಲ್ಲವಂತೆ. ಈಗ ಗಾಳಿ ತಳ್ಳುತ್ತಿರುವುದು ಮೆಷಿನ್ನು.' ಅವರು ಆಮೇಲೆ ಕೊಡುತ್ತಿದ್ದರೋ ಬಿಡುತ್ತಿದ್ದರೋ, ಅದು ಬೇರೆ ಮಾತು. ಖರ್ಚು ಎಷ್ಟು ಅಂತ ಮಾತ್ರ ಕೇಳುತ್ತಿರಲಿಲ್ಲ.

ಅಮ್ಮನ ಕಣ್ಣು

ನಮ್ಮ ಮನೆಯವರು ದಾನಕ್ಕೆ ಹಿಂದೇಟು ಹಾಕುವವರು ಅಂತ ಯಾರಾದರೂ ತಿಳಿದುಕೊಂಡಾರು, ಅದಕ್ಕೇ ಇದನ್ನೂ ಹೇಳುತ್ತೇನೆ. 2021ರ ಅಕ್ಟೋಬರ್ 29ರಂದು ಪುನೀತ್ ಹೋದರು. ಅವರ ಎರಡು ಕಣ್ಣಿನ ಕಾರ್ನಿಯಾವನ್ನು ಪದರ ಬಿಡಿಸಿ ನಾಲ್ಕು ಜನಕ್ಕೆ ಹಾಕಿದರು ಎಂಬುದನ್ನು ಟಿವಿಯಲ್ಲಿ ನೋಡಿದ ಅಮ್ಮ, "ಅಪ್ಪನೂ ಕೊಟ್ಟಿದ್ದ, ಮಗನೂ ಕೊಟ್ಟ, ನನ್ನ ಹೆಸರೂ ಬರಸು" ಅಂತ ಹಠ ಹಿಡಿದರು. "ಪೊರೆ ಆಪರೇಷನ್ ಆಗಿದೆಯಲ್ಲಮ್ಮ" ಅಂದೆ. ಆದರೂ ಪರವಾಗಿಲ್ಲ, ವಯಸ್ಸೂ ಲೆಕ್ಕಕ್ಕಿಲ್ಲ ಎಂದು ಆಮೇಲೆ ವಿಚಾರಿಸಿದಾಗ ಗೊತ್ತಾಯಿತು. ಕಾರ್ಡು ಬಂದ ಮೇಲೆ ಅದನ್ನು ದೇವರ ಗೂಡಿನಲ್ಲಿ ಇಟ್ಟು, ಬಂದವರಿಗೆಲ್ಲ ತೋರಿಸಿ, "ನಾನು ಸತ್ತ ಆರು ಗಂಟೆ ಒಳಗೆ ಫೋನ್ ಮಾಡ್ಬೇಕು ಇವನು" ಅಂತ ನನ್ನ ಮೇಲೆ ದೂರು ಹೇಳುವ ಹಾಗೆ ಹೇಳುತ್ತಿದ್ದರು.

2022ರ ಜುಲೈ. ಬೆಳಗಿನ ಜಾವ ಐದು ಕಾಲಿಗೆ ಅಮ್ಮ ಮನೆಯಲ್ಲೇ ಹೋದರು. ಕಾರ್ಡಿನ ಹಿಂದಿದ್ದ ನಂಬರಿಗೆ ಫೋನ್ ಮಾಡಿದೆ. ಸಿಗ್ನಲ್‌ಗಾಗಿ ಗೇಟಿನ ತನಕ ಹೋಗಬೇಕಾಯಿತು. ಕಣ್ಣು ಮುಚ್ಚಿ, ರೆಪ್ಪೆಯ ಮೇಲೆ ಒದ್ದೆ ಹತ್ತಿ ಇಡಿ, ತಲೆಗೆ ಎರಡು ದಿಂಬು ಕೊಡಿ, ಫ್ಯಾನ್ ಆರಿಸಿ ಅಂದರು. ಫ್ಯಾನ್! ಜುಲೈಯಲ್ಲಿ ಶನಿವಾರಸಂತೆಯಲ್ಲಿ ಫ್ಯಾನ್ ಹಾಕುವವರು ಯಾರು? ಕರೆಂಟು ಹೋಗಿಯೇ ಮೂರು ದಿನ ಆಗಿತ್ತು. ದಾರಿಯಲ್ಲಿ ಮರ ಬಿದ್ದು ಅವರು ಬರುವಾಗ ಒಂಬತ್ತು ಮುಕ್ಕಾಲು. ಅತ್ತೆಯೊಬ್ಬರು 'ಕಣ್ಣು ಕಿತ್ತರೆ ಮುಂದಿನ ಜನ್ಮಕ್ಕೆ ಕುರುಡಿ' ಅಂದರು, ಇನ್ನೊಬ್ಬರು 'ಸುಟ್ಟರೆ ಮಾತ್ರ ಮುಂದಿನ ಜನ್ಮಕ್ಕೆ ಮೈ ಉಳಿಯುತ್ತಾ?' ಅಂದು ಅವರ ಬಾ‌ಯಿ ಮುಚ್ಚಿಸಿದರು. ಇಪ್ಪತ್ತು ನಿಮಿಷ, ಸ್ವಲ್ಪ ರಕ್ತವನ್ನೂ ತೆಗೆದುಕೊಂಡರು ಪರೀಕ್ಷೆಗೆ. ಒಳಗೆ ಹೋಗಿ ನೋಡಿದರೆ ಅಮ್ಮನ ಮುಖ ಇದ್ದ ಹಾಗೇ ಇತ್ತು, ಮಧ್ಯಾಹ್ನದ ನಿದ್ದೆಯ ಮುಖ.

ಎಷ್ಟು ಸಲೀಸಾಗಿ ಆಯಿತಲ್ಲ! ನಾವೇನು ಐದು ವರ್ಷದಲ್ಲಿ ಉದಾರಿಗಳಾಗಿಬಿಟ್ಟೆವೇ? ಅದಲ್ಲ. ಅಮ್ಮ ಸತ್ತದ್ದು ಎಲ್ಲರಿಗೂ ಕಂಡಿತ್ತು. ಮೈ ತಣ್ಣಗಾಗಿತ್ತು, ಉಸಿರು ನಿಂತಿತ್ತು. ಕೊಡುವ ಮನಸ್ಸು ಎರಡು ಸಲವೂ ಅದೇ ಇತ್ತು, ಸಾವು ಮಾತ್ರ ಬೇರೆ ಇತ್ತು.

ಅಮ್ಮನ ಕಾರ್ಡಿನಲ್ಲಿ ಕಣ್ಣಿನ ಜೊತೆಗೆ ಕಿಡ್ನಿ, ಲಿವರ್, ಹೃದಯ ಎಲ್ಲಕ್ಕೂ ಟಿಕ್ ಇತ್ತು. ತಮ್ಮ ಅವತ್ತು ಬೆಳಗ್ಗೆ ಅದನ್ನೂ ಕೇಳಿದ. ಫೋನಿನಲ್ಲಿದ್ದವರು ತಾಳ್ಮೆಯಿಂದ ಹೇಳಿದರು: ಮನೆಯಲ್ಲಿ ತೀರಿಕೊಂಡವರಿಂದ ಅವು ಆಗುವುದಿಲ್ಲ. ರಕ್ತ ಓಡಾಟ ನಿಂತ ಕೆಲವೇ ನಿಮಿಷಗಳಲ್ಲಿ ಒಳಗಿನ ಅಂಗಗಳು ಕೆಡುತ್ತವೆ. ಸಾಮಾನ್ಯವಾಗಿ ಐಸಿಯುನಲ್ಲಿ, ವೆಂಟಿಲೇಟರ್ ಮೇಲೆ, ಮಿದುಳು ಕಾಂಡ ಸತ್ತವರಿಂದ ಮಾತ್ರ ಸಾಧ್ಯ. ಕಣ್ಣಿನ ಕಾರ್ನಿಯಾಕ್ಕೆ ರಕ್ತನಾಳವೇ ಇಲ್ಲವಾದ್ದರಿಂದ ಅದು ಆರು ಗಂಟೆ ತಡೆಯುತ್ತದೆ. ಮೆಡಿಕಲ್ ಕಾಲೇಜಿಗೆ ಇಡೀ ದೇಹ ಕೊಡುವುದು ಮೂರನೆಯದೇ ಬಾಬತ್ತು, ಅಂಗರಚನೆಯ ಪಾಠಕ್ಕೆ. ನೇತ್ರದಾನ, ದೇಹದಾನ, ಅಂಗಾಂಗ ದಾನ ಮೂರೂ ಒಂದೇ ವೇದಿಕೆಯಲ್ಲಿ, ಒಂದೇ ಬ್ಯಾನರಿನಲ್ಲಿ ಬರುವುದರಿಂದ ಜನ ಮೂರನ್ನೂ ಕಲಸಿಬಿಟ್ಟಿದ್ದಾರೆ. ಎಲ್ಲಕ್ಕೂ 'ದಾನ' ಎಂಬ ಬಾಲ ಬೇರೆ. ದಾನ ಅಂದಕೂಡಲೇ ಪುಣ್ಯದ ಮಾತು ಶುರುವಾಗುತ್ತದೆ, ಸಾವಿನ ಮಾತು ಹಿಂದೆ ಸರಿಯುತ್ತದೆ.

ಕಾರ್ಡಿನ ಬಗ್ಗೆಯೂ ಒಂದು ಮಾತು. ಈಗ ಆಧಾರ್ ನಂಬರ್ ಹಾಕಿ ಮೊಬೈಲಿನಲ್ಲೇ ಪ್ರತಿಜ್ಞೆ ನೋಂದಾಯಿಸಬಹುದು. ಆದರೆ ಆ ಹೊತ್ತು ಬಂದಾಗ ನಮ್ಮ ದೇಶದಲ್ಲಿ ಕೇಳುವುದು ಮನೆಯವರನ್ನೇ. ಕಾರ್ಡು ಪೆಟ್ಟಿಗೆಯಲ್ಲಿದ್ದು ಮನೆಯವರು ಬೇಡ ಅಂದರೆ ಮುಗಿಯಿತು. ಸ್ಪೇನ್ ದೇಶದಲ್ಲಿ 1979ರಿಂದ ಬೇರೆ ಕಾನೂನು: ಬೇಡ ಎಂದು ಹೇಳದವರೆಲ್ಲ ದಾನಿಗಳೇ. ಜಗತ್ತಿನಲ್ಲಿ ಅಂಗಾಂಗ ದಾನಕ್ಕೆ ಹೆಸರಾದ ದೇಶ ಅದು. ಆದರೂ ಅಲ್ಲಿಯೂ ಮನೆಯವರನ್ನು ಕೇಳದೆ ಮುಟ್ಟುವುದಿಲ್ಲ. ಸಂಖ್ಯೆ ಏರಿದ್ದು ಕಾನೂನಿನಿಂದಲ್ಲ, 1989ರಿಂದ ಆಸ್ಪತ್ರೆಗಳಲ್ಲಿ ತರಬೇತಿ ಪಡೆದ ಸಂಯೋಜಕರನ್ನು ಇಟ್ಟು ಮನೆಯವರ ಜೊತೆ ಕೂತು ಮಾತಾಡಿದ್ದರಿಂದ ಎಂದು ಅದನ್ನು ಕಟ್ಟಿದ ಡಾ. ಮಟೆಸಾನ್ಸ್ ಅವರೇ ಹೇಳುತ್ತ ಬಂದಿದ್ದಾರೆ. ಕೂತು ಎಂಬುದನ್ನು ಗಮನಿಸಿ. ನಮಗೆ ಹೇಳಿದವರು ನಿಂತಿದ್ದರು.

ಕರ್ನಾಟಕದಲ್ಲೂ ಅಂಗಾಂಗ ದಾನ ನೋಡಿಕೊಳ್ಳುವ ರಾಜ್ಯದ ಸಂಸ್ಥೆ ಜೀವಸಾರ್ಥಕತೆಯ ಸಂಯೋಜಕರು ಇದ್ದಾರೆ, ಆಸ್ಪತ್ರೆಗಳಲ್ಲೂ ಇದ್ದಾರೆ. ಒಪ್ಪಿದ ಮೇಲೆ ಅಂಗ ತೆಗೆಯುವ ಖರ್ಚು ದಾನಿಯ ಮನೆಯವರ ಮೇಲೆ ಬೀಳುವುದಿಲ್ಲ, ಯಾರಿಗೆ ಹೋಗಬೇಕೆಂಬುದು ಕಾಯುವವರ ಪಟ್ಟಿಯ ಪ್ರಕಾರ, ಪೋಸ್ಟ್‌ಮಾರ್ಟಂ ಅದರ ಜೊತೆಗೇ ಹೊಂದಿಸಿಕೊಳ್ಳಲು ಕಾನೂನಿನಲ್ಲಿ ದಾರಿ ಇದೆ. ಇದನ್ನೆಲ್ಲ ಅವರು ವಿವರಿಸಬಲ್ಲರು. ಆದರೆ ಅವರು ಮಾತಾಡಬೇಕಾಗುವುದು ಮನೆಯವರ ಅತಿ ಕೆಟ್ಟ ಗಳಿಗೆಯಲ್ಲಿ. ಇನ್ನೊಂದು ತೊಡಕೂ ಇದೆ: ಈ ಸಾವನ್ನು ಘೋಷಿಸುವುದೇ ಅಂಗಾಂಗಕ್ಕಾಗಿ ಎಂಬ ಅನುಮಾನ. ಪಕ್ಕದ ಕೇರಳ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಎರಡನ್ನೂ ಬೇರೆ ಮಾಡಿತು. ಮನೆಯವರು ಕೊಡಲಿ ಬಿಡಲಿ, ಮಿದುಳು ಸತ್ತಿದ್ದರೆ ಸತ್ತಿದೆ ಎಂದು ಹೇಳುವುದು ವೈದ್ಯರ ಕೆಲಸ ಅಂದಿತು. ನನಗೆ ಅದು ಸರಿ ಅನಿಸುತ್ತದೆ. ಮೊದಲು ಗುಂಡು ಹೊಡೆಯಲಿ. ಕೇಳುವುದು ಆಮೇಲೆ.

ಅತ್ತಿಗೆ

ಜನವರಿಯಲ್ಲಿ ಅತ್ತಿಗೆಯ ಮನೆಗೆ ಹೋಗಿದ್ದೆ. ಕಣದಲ್ಲಿ ಕಾಫಿ ಹರವಿತ್ತು. ಅವರು ಕಾಲಿನಿಂದ ಸಾಲು ಎಳೆಯುತ್ತ ತಿರುವುತ್ತಿದ್ದರು, ನಾನು ಕಟ್ಟೆಯ ಮೇಲೆ ಕೂತು ಮಂಗಳೂರಿನ ಹುಡುಗಿ ಹೇಳಿದ್ದನ್ನೆಲ್ಲ ಹೇಳಿದೆ. ಒಂಬತ್ತು ವರ್ಷಕ್ಕೆ ಹತ್ತಿರವಾಗುತ್ತ ಬಂತು, ಈಗ ಹೇಳಿ ಏನು ಎಂಬ ಅಳುಕೂ ಇತ್ತು. ಹತ್ತಿಯ ಕತೆ, ಎದೆಯ ಮೇಲಿನ ಬಟ್ಟೆ ಸರಿಸಿ ಹತ್ತು ನಿಮಿಷ ನೋಡುವುದು, ಎಲ್ಲ. ಕೊಡಬೇಕಿತ್ತು ಅಂತ ನಾನು ಹೇಳಲಿಲ್ಲ, ಅವರೂ ಹೇಳಲಿಲ್ಲ. ಬೆಂಗಳೂರಿಗೆ ಒಯ್ದಿದ್ದರೂ ಆಗುತ್ತಿರಲಿಲ್ಲ ಅಂದಾಗ ಮಾತ್ರ ಒಂದು ಕ್ಷಣ ನಿಂತರು.

"ಹಂಗಾದ್ರೆ ಅವರು ಹೋಗಿದ್ದು ಶುಕ್ರವಾರಾನೇ."

"ಹೂಂ ಅತ್ತಿಗೆ. ಶುಕ್ರವಾರ ಬೆಳಗ್ಗೆ."

ಅವರು ಮತ್ತೆ ಎರಡು ಸಾಲು ತಿರುವಿದರು. ಆಮೇಲೆ ತಲೆ ಎತ್ತದೆ ಕೇಳಿದರು: "ಅಂದ್ರೆ ಇಷ್ಟು ವರ್ಷ ನಾವು ಎಡೆ ಇಟ್ಟಿದ್ದು ತಪ್ಪು ದಿನಾನಾ?"

ಇದಕ್ಕೂ ನನ್ನಲ್ಲಿ ಉತ್ತರ ಇರಲಿಲ್ಲ. ಪುರೋಹಿತರನ್ನು ಕೇಳೋಣ ಅಂದೆ. ಕೇಳಲಿಲ್ಲ.

ಈ ಸಲ ಫೆಬ್ರುವರಿಯಲ್ಲಿ ಎಡೆ ಇಟ್ಟದ್ದು ಎಂದಿನ ತಿಥಿಗೇ. ಬಂಧುಗಳೆಲ್ಲ ಬಂದಿದ್ದರು, ಅಣ್ಣನಿಗೆ ಇಷ್ಟವೆಂದು ಕಡುಬು, ಕೋಳಿಸಾರು. ಊಟ ಮುಗಿಸಿ ಕೈ ತೊಳೆಯುವಾಗ ಅವರ ಮಗ, ಅಪ್ಪ ಹೋದಾಗ ಒಂಬತ್ತು ವರ್ಷದವನಿದ್ದವನು, ನನ್ನ ಪಕ್ಕ ಬಂದು ನಿಂತು ಅಮ್ಮನ ಬಗ್ಗೆ ಚಾಡಿ ಹೇಳಿದ. ಎರಡು ದಿನದ ಹಿಂದೆ ಬೆಳಗ್ಗೆ ಎದ್ದು ನೋಡಿದರೆ ಅಪ್ಪನ ಫೋಟೋ ಮುಂದೆ ದೀಪ ಉರಿಯುತ್ತಿತ್ತಂತೆ, ಮುಂದೆ ಒಂದು ಲೋಟ ಕಾಫಿ. ಇವನು, "ಏನಮ್ಮ, ಕರೆಂಟ್ ಹೋಗಿದೆಯಾ?" ಅಂತ ಕೇಳಿದನಂತೆ.

"ಅದಕ್ಕೆ ಏನಂದ್ರು?"

"ಹೂಂ, ಹೋಗಿದೆ ಅಂದ್ರು ಚಿಕ್ಕಪ್ಪ. ಅಡುಗೆಮನೆಯಲ್ಲಿ ಮಿಕ್ಸಿ ಓಡ್ತಾ ಇತ್ತು."